ಲೈಂಗಿಕ ಆಟಿಕೆ: ಯಾವಾಗ ಬಿಸಾಡಬೇಕು, ಯಾವಾಗ ಬದಲಿಸಬೇಕು?

ಕಂಬಂ ಕಣಿವೆಯ ಅನೇಕ ಮನೆಗಳಲ್ಲಿ ಒಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಆದರೆ ಗಂಡ ಹೆಂಡಿರ ನಡುವಿನ ಕೆಲವು ವಿಷಯಗಳಿಗೆ ಎರಡು ಭಾಷೆಯಲ್ಲೂ ಬಾಯಿ ಬರುವುದಿಲ್ಲ. ಲೈಂಗಿಕ ಆಟಿಕೆ ಅಂಥದೊಂದು. ಅಂಗಡಿಯಲ್ಲಿ ಕೇಳಲು ನಾಚಿಕೆ. ಈಗ ಇಂಟರ್ನೆಟ್‌ನಲ್ಲಿ ತರಿಸಿದರೆ ಹೆಸರಿಲ್ಲದ ರಟ್ಟಿನ ಡಬ್ಬಿಯಲ್ಲಿ ಕೊರಿಯರ್ ಮೂಲಕ ತೇನಿಗೂ ಬರುತ್ತದೆ, ದಿಂಡಿಗಲ್‌ಗೂ ಬರುತ್ತದೆ.

ಬಂದದ್ದು ಬೀರುವಿನ ತಳದಲ್ಲಿ, ಹಳೆ ಸೀರೆಯ ಮಡಿಕೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದು ಹಾಳಾಗಿದೆಯೇ, ಇನ್ನೂ ಬಳಸಬಹುದೇ ಎಂದು ಕೇಳಲು ಯಾರೂ ಇಲ್ಲ. ದೇಹದ ಒಳಭಾಗಕ್ಕೆ ತಾಗುವ ವಸ್ತು ಕೆಟ್ಟರೆ ಗಾಯ, ಸೋಂಕು, ಕೆಲವೊಮ್ಮೆ ಆಸ್ಪತ್ರೆ ಖರ್ಚು. ಆದ್ದರಿಂದ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

2007ರ ಗದ್ದಲ

ಈ ವಸ್ತುಗಳೆಲ್ಲ ವಿದೇಶದ್ದು ಎಂಬ ಮಾತು ಪೂರ್ತಿ ನಿಜವಲ್ಲ. ಕೇಂದ್ರ ಸರಕಾರದ ಒಡೆತನದ ಹಿಂದುಸ್ತಾನ್ ಲ್ಯಾಟೆಕ್ಸ್ ಕಂಪನಿ ಕೇರಳದ ತಿರುವನಂತಪುರದ್ದು. 1969ರಿಂದ ಕಾಂಡೋಮ್ ತಯಾರಿಸುತ್ತಿದೆ. ಕರ್ನಾಟಕದ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೂ ಅದರ ಕಾರ್ಖಾನೆಯಿದೆ. ಈ ಕಂಪನಿ ಕಾಂಡೋಮ್ ಜತೆಗೆ ಬ್ಯಾಟರಿಯಿಂದ ಕಂಪಿಸುವ ಉಂಗುರವಿದ್ದ 'ಕ್ರೆಸೆಂಡೋ' ಎಂಬ ಪ್ಯಾಕ್ ಮಾರುಕಟ್ಟೆಗೆ ತಂದಿತ್ತು. 2007ರಲ್ಲಿ ಮಧ್ಯಪ್ರದೇಶದ ಸಚಿವ ಕೈಲಾಶ್ ವಿಜಯವರ್ಗೀಯ ಇದು ಕಾಂಡೋಮ್ ಅಲ್ಲ, ಲೈಂಗಿಕ ಆಟಿಕೆ ಎಂದು ಆಕ್ಷೇಪಿಸಿದರು. ದೇಶದ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ಈ ಕಂಪನಿಯ ಈಗಿನ ಹೆಸರು ಎಚ್‌ಎಲ್‌ಎಲ್ ಲೈಫ್‌ಕೇರ್.

ಆ ಗದ್ದಲದಲ್ಲಿ ಸಂಸ್ಕೃತಿಯ ಬಗ್ಗೆ ಬಹಳ ಮಾತು ಕೇಳಿಬಂತು. ಇಂಥ ಉಂಗುರವನ್ನು ಎಷ್ಟು ಹೊತ್ತು ಬಳಸಬೇಕು, ಯಾವಾಗ ಎಸೆಯಬೇಕು ಎಂಬ ಮಾತಿಗೆ ಮಾತ್ರ ಜಾಗ ಸಿಗಲಿಲ್ಲ. ಗುಂಡಿ ಬ್ಯಾಟರಿಯ ಇಂಥ ಅಗ್ಗದ ಉಂಗುರ ಬಾಳಿಕೆಗೆ ಮಾಡಿದ್ದಲ್ಲ. ಬ್ಯಾಟರಿ ಮುಗಿದರೆ ಅದರ ಕೆಲಸ ಮುಗಿಯಿತು. ತೊಳೆದಿಟ್ಟು ಮುಂದಿನ ವರ್ಷಕ್ಕೆ ಉಳಿಸುವ ವಸ್ತು ಅದಲ್ಲ.

ಕಾನೂನು ಏನು ಹೇಳುತ್ತದೆ?

ವಯಸ್ಕರು ಇಂಥ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಹೆಸರಿಟ್ಟು ಹೇಳುವ ಕಾನೂನು ಭಾರತದಲ್ಲಿಲ್ಲ. ಅಶ್ಲೀಲ ವಸ್ತುಗಳ ಮಾರಾಟ, ಪ್ರದರ್ಶನದ ವಿರುದ್ಧ ಕಾನೂನಿದೆ. ಮೊದಲು ಅದು ಭಾರತೀಯ ದಂಡ ಸಂಹಿತೆಯ 292ನೇ ಕಲಮು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಮು. ಡಬ್ಬಿಯ ಮೇಲಿನ ಚಿತ್ರ, ಅಂಗಡಿಯ ಪ್ರದರ್ಶನ ಇದರ ಅಡಿ ಬರಬಹುದು.

ಆಮದಾದ ಬಾಡಿ ಮಸಾಜರ್‌ಗಳನ್ನು ಲೈಂಗಿಕ ಆಟಿಕೆ ಎಂದು ಊಹಿಸಿ ಕಸ್ಟಮ್ಸ್ ಇಲಾಖೆ ತಡೆದಿದ್ದ ಪ್ರಕರಣ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತ್ತು. ಇಲಾಖೆ 1964ರ ಅಧಿಸೂಚನೆಯೊಂದನ್ನು ಹಿಡಿದುಕೊಂಡಿತ್ತು. 2024ರ ಮಾರ್ಚ್‌ನಲ್ಲಿ ಕೋರ್ಟ್ ಇಲಾಖೆಯ ವಾದವನ್ನು ತಳ್ಳಿಹಾಕಿತು.

ಗುಣಮಟ್ಟದ ವಿಷಯಕ್ಕೆ ಬಂದರೆ, ಈ ವಸ್ತುಗಳಿಗೆಂದೇ 2021ರಲ್ಲಿ ಐಎಸ್‌ಒ 3533 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಅಗ್ಗದ ಡಬ್ಬಿಗಳಲ್ಲಿ ಈ ಸಂಖ್ಯೆ ಕಾಣುವುದು ಅಪರೂಪ. ಕೊಳ್ಳುವವರೇ ಪರೀಕ್ಷಕರಾಗಬೇಕಾದ ಸ್ಥಿತಿ ಇದೆ.

ಯಾವುದರಿಂದ ಮಾಡಿದ್ದು?

ಎಷ್ಟು ದಿನ ಬಾಳುತ್ತದೆ ಎಂಬುದು ಅದನ್ನು ಮಾಡಿದ ವಸ್ತುವನ್ನು ಅವಲಂಬಿಸಿದೆ. ಡಬ್ಬಿಯಲ್ಲಿ ಅದನ್ನು ಮೊದಲು ನೋಡಬೇಕು.

ಸಿಲಿಕೋನ್, ಸ್ಟೀಲ್, ಬೋರೋಸಿಲಿಕೇಟ್ ಗಾಜು: ಇವುಗಳಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿಲ್ಲ. ನೀರು, ಕೊಳೆ ಒಳಗೆ ಇಳಿಯುವುದಿಲ್ಲ. ಒಡಕು, ಬಿರುಕು ಇಲ್ಲದಿದ್ದರೆ ವರ್ಷಗಳ ಕಾಲ ಬಾಳುತ್ತವೆ. ಮೋಟಾರು ಇಲ್ಲದ ಸಿಲಿಕೋನ್ ಮತ್ತು ಸ್ಟೀಲ್ ವಸ್ತುವನ್ನು ಐದು ನಿಮಿಷ ಕುದಿಸಿ ಶುದ್ಧ ಮಾಡಬಹುದು. ಬಿಸಿ ಗಾಜನ್ನು ತಣ್ಣೀರಿಗೆ ಹಾಕಬಾರದು.

ಗಟ್ಟಿ ಪ್ಲಾಸ್ಟಿಕ್: ಇದರಲ್ಲೂ ರಂಧ್ರವಿಲ್ಲ. ಆದರೆ ಕುದಿಸುವಂತಿಲ್ಲ. ಎರಡು ಹೋಳು ಸೇರುವ ಗೆರೆಯಲ್ಲಿ ಕೊಳೆ ಕೂರುತ್ತದೆ.

ಜೆಲ್ಲಿಯಂತೆ ಮೆತ್ತಗಿರುವ ಪಿವಿಸಿ, ಟಿಪಿಇ, ಟಿಪಿಆರ್: ಇವು ಅಗ್ಗ. ಇವುಗಳಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಎಷ್ಟು ತೊಳೆದರೂ ಪೂರ್ತಿ ಶುದ್ಧವಾಗುವುದಿಲ್ಲ. ನಿತ್ಯ ಬಳಸುವುದಾದರೆ ವರ್ಷದೊಳಗೆ ಬದಲಿಸುವುದು ಕ್ಷೇಮ. ಪಿವಿಸಿಯನ್ನು ಮೆತ್ತಗೆ ಮಾಡಲು ಫ್ಥಾಲೇಟ್ ಎಂಬ ರಾಸಾಯನಿಕ ಬೆರೆಸುವುದುಂಟು. ಡೆನ್ಮಾರ್ಕ್‌ನ ಪರಿಸರ ಇಲಾಖೆ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇಂಥ ಆಟಿಕೆಗಳಲ್ಲಿ ಫ್ಥಾಲೇಟ್ ಇರುವುದು ಕಂಡುಬಂದಿತ್ತು. ಬಿಚ್ಚಿದ ಕೂಡಲೇ ಹೊಸ ರೈನ್‌ಕೋಟಿನಂಥ ಘಾಟು ಬಂದರೆ ಅದನ್ನು ಬಳಸದಿರುವುದೇ ಲೇಸು.

ಬಿಸಾಡಬೇಕಾದ ಗುರುತುಗಳು

ಬೆಳಕಿನಲ್ಲಿ ಹಿಡಿದು, ಬೆರಳಿನಿಂದ ಸವರಿ, ಮೂಸಿ ನೋಡಬೇಕು. ಈ ಕೆಳಗಿನ ಒಂದು ಗುರುತು ಕಂಡರೂ ಸಾಕು, ಎಸೆಯಬೇಕು.

1. ಬಿರುಕು, ಸೀಳು, ಚೂರು ಕಿತ್ತು ಹೋಗಿರುವುದು. ಗಾಜಿನಲ್ಲಿ ಕೂದಲೆಳೆಯಷ್ಟು ಗೀರು ಬಂದಿದ್ದರೂ ಬೇಡ.

2. ಮೈ ಅಂಟು ಅಂಟಾಗಿರುವುದು, ಎಣ್ಣೆ ಬಿಟ್ಟಂತಿರುವುದು, ಕರಗಿದಂತೆ ಕಾಣುವುದು. ತಗಡಿನ ಮನೆಯ ಬೇಸಿಗೆ ಶಾಖಕ್ಕೆ ಟಿಪಿಇ ಬೇಗ ಹೀಗಾಗುತ್ತದೆ.

3. ತೊಳೆದ ಮೇಲೂ ವಾಸನೆ ಹೋಗದಿರುವುದು.

4. ಬಣ್ಣ ತಿರುಗಿರುವುದು, ಕಪ್ಪು ಚುಕ್ಕೆ ಬಂದಿರುವುದು. ಅದು ಬೂಷ್ಟು ಇರಬಹುದು.

5. ಚಾರ್ಜ್ ಮಾಡುವಾಗ ಅಥವಾ ಬಳಸುವಾಗ ವಿಪರೀತ ಬಿಸಿಯಾಗುವುದು, ಮೈ ಉಬ್ಬಿರುವುದು, ತಂತಿ ಹೊರಗೆ ಕಾಣುವುದು.

6. ಬ್ಯಾಟರಿ ಗೂಡಿನಲ್ಲಿ ತುಕ್ಕು, ಬಿಳಿ ಪುಡಿ ಅಥವಾ ನೀರು.

7. ಬಳಸಿದ ಮೇಲೆ ಪ್ರತಿ ಸಲ ಉರಿ, ತುರಿಕೆ ಬರುವುದು.

ಬಟ್ಟೆ ಹೊಲಿದಂತೆ, ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕಿದಂತೆ ಇದನ್ನು ಫೆವಿಕ್ವಿಕ್ ಹಾಕಿ ಅಂಟಿಸಿ ಬಳಸುವಂತಿಲ್ಲ.

ಕೊಬ್ಬರಿ ಎಣ್ಣೆಯ ತಪ್ಪು

ಮನೆಯಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಜಾರುವಿಕೆಗೆ ಅದನ್ನೇ ಬಳಸುವವರು ಹೆಚ್ಚು. ಕಾಂಡೋಮ್ ರಬ್ಬರ್ ಹಾಲಿನಿಂದ ಮಾಡಿದ್ದು. ಎಣ್ಣೆ, ವ್ಯಾಸಲಿನ್ ತಾಗಿದರೆ ಕೆಲವೇ ನಿಮಿಷಗಳಲ್ಲಿ ದುರ್ಬಲವಾಗಿ ಹರಿಯಬಹುದು. ರಬ್ಬರ್ ಮತ್ತು ಟಿಪಿಇ ಆಟಿಕೆಗಳನ್ನೂ ಎಣ್ಣೆ ಕೆಡಿಸುತ್ತದೆ. ಸಿಲಿಕೋನ್ ಜೆಲ್ ಸಿಲಿಕೋನ್ ಆಟಿಕೆಯ ಮೈಯನ್ನು ಕೆಡಿಸಬಹುದು. ಮೆಡಿಕಲ್ ಶಾಪ್‌ನಲ್ಲಿ ಸಿಗುವ ನೀರಿನ ಆಧಾರದ ಜೆಲ್ ಎಲ್ಲದಕ್ಕೂ ಹೊಂದುತ್ತದೆ.

ಬಳಸಿದ ಕೂಡಲೇ ಸಾದಾ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹತ್ತಿ ಬಟ್ಟೆಯ ಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆಯಾಗಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಮೆತ್ತನೆಯ ಎರಡು ಆಟಿಕೆಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ ಕರಗಿ ಅಂಟಿಕೊಳ್ಳಬಹುದು.

ಸೋಂಕು ಬಂದಾಗ

ಬಿಳಿ ಸೆರಗು, ತುರಿಕೆ, ಹುಣ್ಣು, ಮೂತ್ರ ಉರಿ ಇದ್ದಾಗ ಆಟಿಕೆ ಬಳಸಬಾರದು. ವಾಸಿಯಾದ ಮೇಲೆ ಜೆಲ್ಲಿ, ಟಿಪಿಇ ವಸ್ತುವನ್ನು ಎಸೆದು ಹೊಸದು ತರಬೇಕು. ಇಲ್ಲದಿದ್ದರೆ ಗುಣವಾದ ಸೋಂಕು ಮತ್ತೆ ಮರಳಬಹುದು. ಮೋಟಾರಿಲ್ಲದ ಸಿಲಿಕೋನ್, ಸ್ಟೀಲ್ ಆದರೆ ಕುದಿಸಿದರೆ ಸಾಕು.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣವಾಗುವ ಜಾತಿಯ ಎಚ್‌ಪಿವಿ ವೈರಸ್ಸಿನ ಗುರುತು, ತೊಳೆದು ಒಂದು ದಿನ ಕಳೆದ ಮೇಲೂ ಟಿಪಿಇ ಬಗೆಯ ಆಟಿಕೆಯಲ್ಲಿ ಸಿಕ್ಕಿತ್ತು. ಆದ್ದರಿಂದ ಇಬ್ಬರು ಹಂಚಿಕೊಳ್ಳುವುದಾದರೆ ಪ್ರತಿಯೊಬ್ಬರಿಗೂ ಹೊಸ ಕಾಂಡೋಮ್ ಹಾಕಬೇಕು. ಗುದಕ್ಕೆ ತಾಗಿದ್ದನ್ನು ತೊಳೆಯದೆ ಯೋನಿಗೆ ತಾಗಿಸಬಾರದು.

ಯಾವಾಗ ಉತ್ತಮವಾದುದಕ್ಕೆ ಬದಲಾಗಬೇಕು?

ಕೆಡುವ ತನಕ ಕಾಯಬೇಕಾಗಿಲ್ಲದ ಸಂದರ್ಭಗಳಿವೆ. ಇರುವುದು ಜೆಲ್ಲಿ ವಸ್ತುವಾದರೆ, ಮುಂದಿನದು ಸಿಲಿಕೋನ್ ಇರಲಿ. ಗುದದಲ್ಲಿ ಬಳಸುವುದಕ್ಕೆ ಅಗಲವಾದ ತಳ ಇರಲೇಬೇಕು. ತಳವಿಲ್ಲದ ವಸ್ತು ಒಳಗೆ ಜಾರಿ ಹೋದರೆ ಕೈಗೆ ಸಿಗುವುದಿಲ್ಲ, ಆಪರೇಷನ್ ತನಕ ಹೋಗಬಹುದು. ತರಕಾರಿ, ಬಾಟಲಿ, ಬಲ್ಬು ಮೊದಲಾದ ಮನೆ ಸಾಮಾನು ಇದಕ್ಕೆ ಬಳಸುವುದು ಇನ್ನೂ ಅಪಾಯ.

ಪುರುಷರ ಉಂಗುರ ಹಿಗ್ಗುವ ಸಿಲಿಕೋನಿನದೇ ಇರಬೇಕು. ಕಬ್ಬಿಣದ ಬಳೆ, ನಟ್ಟು ಬೇಡವೇ ಬೇಡ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಧರಿಸಬಾರದು, ಧರಿಸಿ ನಿದ್ದೆ ಮಾಡಬಾರದು. ಊದಿಕೊಂಡು ತೆಗೆಯಲು ಬಾರದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಅಂಗಕ್ಕೇ ಕುತ್ತು.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಗುಂಡಿ ಬ್ಯಾಟರಿಯದನ್ನು ಬಿಟ್ಟು ಚಾರ್ಜ್ ಮಾಡುವಂಥದಕ್ಕೆ ಬದಲಾಗುವುದು ಒಳ್ಳೆಯದು. ಮಗು ಗುಂಡಿ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಹುದು. ನಾಚಿಕೆಯಿಂದ ಮುಚ್ಚಿಟ್ಟು ಸಮಯ ಕಳೆದರೆ ಜೀವಕ್ಕೆ ಅಪಾಯ.

ಕಾಂಡೋಮ್, ಕಾಪರ್ ಟಿ ಲೆಕ್ಕ

ಆಟಿಕೆಗೆ ಸಾಮಾನ್ಯವಾಗಿ ತಾರೀಖು ಹಾಕಿರುವುದಿಲ್ಲ. ಕಾಂಡೋಮಿಗೆ ಹಾಕಿರುತ್ತಾರೆ. ತಯಾರಾದ ದಿನದಿಂದ 3ರಿಂದ 5 ವರ್ಷ. ಇಲ್ಲಿ ಎರಡು ಭಾಷೆಯವರು ಎಡವುವ ಒಂದು ಪದವಿದೆ. ಕನ್ನಡದಲ್ಲಿ 'ಕಾಲಾವಧಿ' ಎಂದರೆ ಇರುವ ಅವಧಿ. ತಮಿಳಿನಲ್ಲಿ 'ಕಾಲಾವದಿ' ಎಂದರೆ ಅವಧಿ ಮುಗಿದುಹೋದದ್ದು. ತಮಿಳು ಲೇಬಲ್ಲಿನಲ್ಲಿ ಕಾಲಾವದಿ ತೇದಿ ಎಂದಿದ್ದರೆ ಆ ದಿನದ ನಂತರ ಬಳಸಬಾರದು ಎಂದರ್ಥ. ಜೇಬಿನ ಪರ್ಸು, ಬೈಕಿನ ಡಿಕ್ಕಿ, ಜೀಪಿನ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟ ಕಾಂಡೋಮ್ ತಾರೀಖಿಗೆ ಮೊದಲೇ ಕೆಡಬಹುದು.

ಸರಕಾರಿ ಆಸ್ಪತ್ರೆಯಲ್ಲಿ ಹಾಕುವ ಕಾಪರ್ ಟಿಗೂ ಗಡುವಿದೆ. 380 ಎ ಎಂಬುದಕ್ಕೆ 10 ವರ್ಷ, 375 ಎಂಬುದಕ್ಕೆ 5 ವರ್ಷ. ಯಾವುದು ಹಾಕಿದ್ದಾರೆ, ಯಾವ ದಿನ ಹಾಕಿದ್ದಾರೆ ಎಂಬ ಚೀಟಿಯನ್ನು ರೇಷನ್ ಕಾರ್ಡಿನ ಜತೆ ಇಟ್ಟುಕೊಳ್ಳಬೇಕು.

ಬಿಸಾಡುವುದು ಹೇಗೆ?

ಮೊದಲು ತೊಳೆಯಬೇಕು. ಬ್ಯಾಟರಿ ಬಿಚ್ಚಲು ಬಂದರೆ ಬಿಚ್ಚಿ ಬೇರೆ ಇಡಬೇಕು. ಬ್ಯಾಟರಿ ಮತ್ತು ಮೋಟಾರಿನ ಭಾಗ ಇ-ತ್ಯಾಜ್ಯಕ್ಕೆ ಸೇರಿದ್ದು. ಉಳಿದದ್ದನ್ನು ಕತ್ತರಿಸಿ, ಕಾಗದದಲ್ಲಿ ಸುತ್ತಿ ಒಣ ಕಸಕ್ಕೆ ಹಾಕಿದರೆ ಏನೆಂದು ಯಾರಿಗೂ ತಿಳಿಯುವುದಿಲ್ಲ. ಒಲೆಗೆ ಹಾಕಿದರೆ ಪಿವಿಸಿ ವಿಷದ ಹೊಗೆ ಬಿಡುತ್ತದೆ, ಬ್ಯಾಟರಿ ಸಿಡಿಯುತ್ತದೆ. ಮುಲ್ಲೈ ಪೆರಿಯಾರ್ ಕಾಲುವೆಗೆ ಎಸೆದರೆ ಅದು ಇನ್ನೊಬ್ಬರ ಗದ್ದೆಗೆ ಬರುತ್ತದೆ.

ಯಾರನ್ನು ಕೇಳಬೇಕು?

ಬಸ್ ನಿಲ್ದಾಣದ ಗೋಡೆಯಲ್ಲಿ ಅಂಟಿಸಿದ, ಲಾಡ್ಜಿಗೆ ಬಂದು ಹೋಗುವ 'ಗುಪ್ತ ರೋಗ ತಜ್ಞ'ರನ್ನಲ್ಲ. ತೇನಿ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ದಿಂಡಿಗಲ್ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮ ಮತ್ತು ಲೈಂಗಿಕ ರೋಗ, ಸ್ತ್ರೀರೋಗ ವಿಭಾಗದವರಿಗೆ ಹೇಳಬಹುದು. ಲೈಂಗಿಕ ಸೋಂಕಿನ ಸರಕಾರಿ ಕ್ಲಿನಿಕ್‌ಗೆ ತಮಿಳುನಾಡಿನಲ್ಲಿ 'ಸುಗವಾಳ್ವು ಮೈಯಂ' ಎಂದೂ, ಎಚ್‌ಐವಿ ಪರೀಕ್ಷೆಯ ಕೇಂದ್ರಕ್ಕೆ 'ನಂಬಿಕ್ಕೈ ಮೈಯಂ' ಎಂದೂ ಬೋರ್ಡಿರುತ್ತದೆ. ಫೋನಿನಲ್ಲಿ ಕೇಳುವುದಾದರೆ ರಾಜ್ಯದ ಆರೋಗ್ಯ ಸಹಾಯವಾಣಿ 104, ಏಡ್ಸ್ ಸಹಾಯವಾಣಿ 1097.

ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಏನಾಯಿತೆಂದು ನಿಜ ಹೇಳಿದರೆ ಚಿಕಿತ್ಸೆ ಬೇಗ ಮುಗಿಯುತ್ತದೆ. 'ಬಿದ್ದೆ', 'ಜಾರಿದೆ' ಎಂದರೆ ಬೇಡದ ಪರೀಕ್ಷೆಗಳಲ್ಲಿ ಸಮಯ ಹೋಗುತ್ತದೆ. ಬೀರುವಿನ ತಳದಲ್ಲಿರುವುದನ್ನು ಇಂದೇ ಒಮ್ಮೆ ಬೆಳಕಿಗೆ ಹಿಡಿದು ನೋಡಿದರೆ ಆಸ್ಪತ್ರೆಯ ಮಾತೇ ಬರದಿರಬಹುದು.