ಹೆಣ್ಣಿನ ಹೆಸರಿಗೊಂದು ಗೆರೆ

ಗಡಿನಾಡ ಗಾಂಧಿಯ ಪಾಠ ಮಾಡುವಾಗಲೆಲ್ಲ ಎಷ್ಟೋ ವರ್ಷದ ಹಿಂದೆ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ ಪ್ರಶ್ನೆ ನೆನಪಾಗುತ್ತದೆ. "ಟೀಚರ್, ಅವರ ಊರಿನ ಹೆಂಗಸರು ಏನು ಮಾಡುತ್ತಿದ್ದರು?" ಪುಸ್ತಕದಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಆಮೇಲೆ ಓದುತ್ತ ಹೋದಂತೆ, ಅಲ್ಲಿನ ಹೆಂಗಸರ ಕಥೆ ತಿಳಿಯಬೇಕಾದರೆ ಗಂಡಸರ ಮನಸ್ಸನ್ನೂ ತಿಳಿಯಬೇಕೆಂದು ಅರಿವಾಯಿತು.

ನಾವು ಪಠಾಣರೆಂದು ಕರೆಯುವ ಪಖ್ತೂನರು ಅಫ್ಘಾನಿಸ್ತಾನದಲ್ಲೂ ಪಾಕಿಸ್ತಾನದ ವಾಯವ್ಯ ಭಾಗದಲ್ಲೂ ನೆಲೆಸಿರುವ ಜನ. ಅವರ ಬದುಕನ್ನು ಆಳುವುದು 'ಪಖ್ತೂನ್‌ವಲಿ' ಎಂಬ ಬರೆಯದ ಕಟ್ಟಳೆ. ಅತಿಥಿಸತ್ಕಾರ, ಶರಣು ಬಂದವನ ರಕ್ಷಣೆ, ಸೇಡು, ಇವೆಲ್ಲದರ ಬುಡದಲ್ಲಿರುವುದು 'ನಂಗ್', ಅಂದರೆ ಮಾನ. ಮಾನ ಗಂಡಸಿನದು, ಅದನ್ನು ಹೊರುವವಳು ಹೆಣ್ಣು. ಮನೆಯ ಹೆಂಗಸಿನ ಹೆಸರು ಪರರ ಕಿವಿಗೆ ಬೀಳುವುದೂ ಅವಮಾನ. ಮನೆತನಗಳ ವೈರ ತೀರಿಸಲು ಹೆಣ್ಣುಮಗುವನ್ನು ಎದುರಾಳಿಯ ಮನೆಗೆ ಕೊಡುವ 'ಸ್ವಾರಾ' ಪದ್ಧತಿಯ ವಿರುದ್ಧ ಪಾಕಿಸ್ತಾನ 2011ರಲ್ಲಿ ಬಿಗಿ ಕಾನೂನು ಮಾಡಬೇಕಾಯಿತು.

ಹಾಗೆಂದು ಗಂಡಸರೆಲ್ಲ ಒಂದೇ ಅಚ್ಚಿನವರಲ್ಲ. 1890ರಲ್ಲಿ ಉತ್ಮಾನ್‌ಜೈಯಲ್ಲಿ ಹುಟ್ಟಿದ ಖಾನ್ ಅಬ್ದುಲ್ ಗಫಾರ್ ಖಾನರು ತಾಯಿ ಬೇಡವೆಂದದ್ದಕ್ಕೆ ಇಂಗ್ಲೆಂಡಿನ ಓದನ್ನೇ ಬಿಟ್ಟವರು. ಮನೆಯೊಳಗೆ ತಾಯಿಯ ಮಾತಿಗೆ ಅಷ್ಟು ತೂಕ. ಹೊರಗೆ ಅವಳಿಗೆ ಹೆಸರೇ ಇಲ್ಲ. ಖಾನರು 1928ರಲ್ಲಿ 'ಪಖ್ತೂನ್' ಪತ್ರಿಕೆ ತೆಗೆದಾಗ ಅದರಲ್ಲಿ ಹೆಂಗಸರೂ ಬರೆದರು. ಹೆಸರೆತ್ತಬಾರದವರ ಮಾತು ಅಚ್ಚಾಯಿತು!

ಅದೇ ಕಾಲದಲ್ಲಿ ಕಾಬೂಲಿನ ದೊರೆ ಅಮಾನುಲ್ಲಾ ಅವಸರದ ದಾರಿ ಹಿಡಿದ. 1921ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಿತು. 1928ರಲ್ಲಿ ರಾಣಿ ಸೊರಾಯಾ ಮುಸುಕು ತೆಗೆದಳು. ಹುಡುಗಿಯರು ಓದಲು ತುರ್ಕಿಗೆ ಹೊರಟರು. ಆ ವರ್ಷದ ಕೊನೆಗೆ ಶಿನ್ವಾರಿ ಪಖ್ತೂನರು ದಂಗೆಯೆದ್ದರು. ಕಂದಾಯ, ಕಡ್ಡಾಯ ಸೈನ್ಯಸೇವೆಯ ಸಿಟ್ಟೂ ಅದರಲ್ಲಿತ್ತು; ಆದರೆ ಕೂಗೆದ್ದದ್ದು ಹೆಣ್ಣಿನ ಮುಸುಕಿನ ಹೆಸರಿನಲ್ಲಿ. 1929ರ ಜನವರಿಯಲ್ಲಿ ದೊರೆ ಪಟ್ಟ ಬಿಟ್ಟ.

ಅರಮನೆಯ ಆಜ್ಞೆ ಮಾಡಲಾರದ್ದನ್ನು ಒಬ್ಬ ಮೇಷ್ಟರು ಒಂದು ಪೆನ್ನಿನಿಂದ ಮಾಡಿದರು. ಸ್ವಾತ್ ಕಣಿವೆಯ ಜಿಯಾವುದ್ದೀನ್ ಯೂಸುಫ್‌ಜೈ ಅವರ ಐವರು ಅಕ್ಕತಂಗಿಯರು ಶಾಲೆಯ ಮುಖ ಕಂಡವರಲ್ಲ. 1997ರಲ್ಲಿ ಮಗಳು ಹುಟ್ಟಿದಾಗ ಬಂಧುವೊಬ್ಬರು ಮನೆತನದ ವಂಶವೃಕ್ಷ ತಂದು ತೋರಿಸಿದರು. ಅದರಲ್ಲಿದ್ದದ್ದು ಬರೀ ಗಂಡಸರು. ಜಿಯಾವುದ್ದೀನ್ ತಮ್ಮ ಹೆಸರಿನಿಂದ ಒಂದು ಗೆರೆ ಎಳೆದು 'ಮಲಾಲಾ' ಎಂದು ಬರೆದರು. 1880ರ ಮೈವಂದ್ ಯುದ್ಧದಲ್ಲಿ ಮಡಿದಳೆಂದು ಐತಿಹ್ಯವಿರುವ ಮಲಾಲೈಯ ಹೆಸರು ಅದು. ರಣದಲ್ಲಿ ಸತ್ತ ಹೆಣ್ಣಿನ ಹೆಸರು ಎಲ್ಲರಿಗೂ ಬೇಕು; ಮನೆಯಲ್ಲಿ ಬದುಕಿರುವ ಮಗಳ ಹೆಸರಿಗೆ ಜಾಗವಿಲ್ಲ. 2012ರಲ್ಲಿ ಆ ಮಗಳಿಗೆ ಗುಂಡು ಹೊಡೆದರು. 2014ರಲ್ಲಿ ಅವಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಕಂದಹಾರದ ಮತಿಉಲ್ಲಾ ವೇಸಾ ಹಳ್ಳಿ ಹಳ್ಳಿಗೆ ಪುಸ್ತಕ ಹೊತ್ತು, ಹೆಣ್ಣುಮಕ್ಕಳನ್ನು ಓದಿಸಿರೆಂದು ಹಿರಿಯರ ಮುಂದೆ ಕೂತು ಕೇಳಿಕೊಂಡವರು. 2023ರ ಮಾರ್ಚಿನಲ್ಲಿ ತಾಲಿಬಾನರು ಅವರನ್ನು ಸೆರೆಗೆ ಹಾಕಿ ಏಳು ತಿಂಗಳು ಇಟ್ಟರು. ಬಾಗಿಲು ಮುಚ್ಚಿಸುವವರೂ ಪಖ್ತೂನರೇ, ಬಡಿಯುವವರೂ ಪಖ್ತೂನರೇ. ಮಾನ ಎಲ್ಲಿದೆ ಎಂಬುದೇ ಅವರ ಜಗಳ.

ಇದನ್ನೆಲ್ಲ ಓದಿ ದೂರದವರನ್ನು ಹಳಿಯಲು ಹೊರಟಾಗ ನಮ್ಮ ಮನೆದೇವರ ಗುಡಿಯ ಜೀರ್ಣೋದ್ಧಾರದಲ್ಲಿ ಅಚ್ಚು ಹಾಕಿಸಿದ ವಂಶಾವಳಿ ಕೈಗೆ ಸಿಕ್ಕಿತು. ಅಣ್ಣಂದಿರು, ಅವರ ಗಂಡುಮಕ್ಕಳು, ಎಲ್ಲರೂ ಇದ್ದಾರೆ. ನಾನಿಲ್ಲ. ನನ್ನ ಸಂಬಳದಿಂದ ಕೊಟ್ಟ ವಂತಿಗೆಯ ರಸೀದಿ ಮಾತ್ರ ಪುಟಗಳ ನಡುವೆ ಇತ್ತು.

ಪ್ರಶ್ನೆ ಕೇಳಿದ ಹುಡುಗಿ ಶಾಲೆ ಬಿಟ್ಟು ಬಹಳ ಕಾಲವಾಯಿತು. ಈಗ ಆ ಪಾಠದ ದಿನ ಬೋರ್ಡಿನ ಮೇಲೊಂದು ವಂಶವೃಕ್ಷ ಬರೆದು ಮಕ್ಕಳಿಗೆ ಹೇಳುತ್ತೇನೆ: "ನಿಮ್ಮ ಮನೆಯದರಲ್ಲಿ ನಿಮ್ಮಜ್ಜಿಯ ಹೆಸರಿದೆಯೇ, ಕೇಳಿಕೊಂಡು ಬನ್ನಿ."