ಪಾನುಂಗಲ್ ಐನೂರರ ನಾಡಕೂಟ

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಶಿಲ್ಪವನ್ನು ಮೆಚ್ಚುವವರು ಅಲ್ಲಿನ ನಾಡವರನ್ನೂ ನೆನೆಯಬೇಕು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಸೀಮೆ ‘ಪಾನುಂಗಲ್ ಐನೂರು’. ಆಳಿದವರು ಕದಂಬ ಮಾಂಡಲಿಕರು. ಊರಿಗೆ ಗಾವುಂಡ, ನಾಡಿಗೆ ನಾಳ್ಗಾವುಂಡ, ಅಗ್ರಹಾರಕ್ಕೆ ಮಹಾಜನರು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ನಿಂತ ಶಾಸನಗಳನ್ನು ಓದಿರಿ: ದೇವರಿಗೆ ಭೂಮಿಯನ್ನೋ ಸುಂಕದ ಪಾಲನ್ನೋ ಬಿಡುವಾಗ ಇಂಥವರೇ ದಾನಿಗಳು, ಸಾಕ್ಷಿಗಳು, ಧರ್ಮವನ್ನು ಕಾಯುವ ಹೊಣೆಗಾರರು.

ಪೋಲೆಂಡಿನಲ್ಲಿಯೂ ಕುಲೀನರ ಸೀಮಾಸಭೆಗಳಿದ್ದವು. ಅವುಗಳ ಒಪ್ಪಿಗೆಯಿಲ್ಲದೆ ದಂಡು ಕೂಡಿಸೆನೆಂದು ಅರಸ ನಾಲ್ಕನೆಯ ಕಾಜಿಮಿರ್ 1454ರಲ್ಲಿ ಬರೆದುಕೊಟ್ಟನು. ನಮ್ಮ ಗಾವುಂಡರ ಬಲವಾದರೋ ನೆಲದ ಹಿಡಿತದಿಂದಲೂ ವಂಶದ ಹಿರಿತನದಿಂದಲೂ ಬಂದದ್ದು.

ಆದರೆ ಎರಡೂ ಕಡೆ ಕೂಲಿಯಾಳಿಗೆ ಮಾತಿರಲಿಲ್ಲ. ಇಂದಿನ ಗ್ರಾಮಸಭೆಯಲ್ಲಿ ಊರಿನ ಮತದಾರರೆಲ್ಲರಿಗೂ ಸ್ಥಾನವುಂಟು. ಅದನ್ನು ಬರಿದಾಗಿ ಬಿಟ್ಟರೆ, ಮತ್ತೆ ಕೆಲವರೇ ಊರಿನ ಪರವಾಗಿ ಮಾತಾಡುವರು.