ಸುಂಕದ ಕಟ್ಟೆಯ ಹೊಸ ಓದುಗ



ನಿಮ್ಮಲ್ಲಿ ಹಲವರು ಬಾಗಲಕೋಟೆಯಿಂದ ಅಮೀನಗಡದ ಮೇಲೆ ಹುನಗುಂದಕ್ಕೆ ಬಂದು, ಅಲ್ಲಿಂದ ಇಳಕಲ್ ದಾಟಿ ಹೊಸಪೇಟೆಯ ಕಡೆಗೆ ಪ್ರಯಾಣ ಮಾಡಿರಬಹುದು. ಹುನಗುಂದದಲ್ಲಿ ನಿಮಗೆ ಸಿಗುವುದು ರಾಷ್ಟ್ರೀಯ ಹೆದ್ದಾರಿ 50. ಹಿಂದೆ ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಹೆದ್ದಾರಿ 13ರ ಒಂದು ಭಾಗ ಇದು. ಇಳಕಲ್ಲಿನ ಗ್ರಾನೈಟ್ ಹೊತ್ತ ಲಾರಿಗಳು, ಸೀರೆಯ ಗಂಟು ತುಂಬಿದ ವಾಹನಗಳು, ಪ್ರವಾಸಿಗರ ಬಸ್ಸುಗಳು ಹಗಲಿರುಳೂ ಇಲ್ಲಿ ಓಡಾಡುತ್ತವೆ. ಟೋಲ್ ಗೇಟಿಗೆ ಬಂದ ಲಾರಿ ನಿಧಾನವಾಗುತ್ತದೆ. ಚಾಲಕ ಕೈ ಹೊರಗೆ ಚಾಚುವುದಿಲ್ಲ, ಚಿಲ್ಲರೆ ಎಣಿಸುವುದಿಲ್ಲ. ಕ್ಷಣದಲ್ಲಿ ಅಡ್ಡಕೋಲು ಮೇಲೇಳುತ್ತದೆ, ಲಾರಿ ಮುಂದೆ ಸಾಗುತ್ತದೆ.

ಲಾರಿಯ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ನೀವೆಲ್ಲ ಬಲ್ಲಿರಿ. ಆದರೆ ಮೇಲೆ ಕಮಾನಿನಲ್ಲಿ ಕುಳಿತು ಆ ಚೀಟಿಯನ್ನು ಓದುವ ಯಂತ್ರದ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಇಂದು ನಾವು ತಿಳಿಯಬೇಕಾದದ್ದು ಆ ರೀಡರ್ ಯಂತ್ರದ ಚರಿತ್ರೆ. ದೊಡ್ಡ ಪೆಟ್ಟಿಗೆಯಷ್ಟಿದ್ದ ಅದರ ಜೀವಾಳ ಉಗುರಿನಷ್ಟು ಅಗಲದ ಒಂದು ಚಿಪ್ ಆದದ್ದು ಹೇಗೆ? ಆದ ಮೇಲೆ ನಮ್ಮ ಬಾಳಿನಲ್ಲಿ ಏನು ಬದಲಾಯಿತು?

ಹಳೆಯ ಸುಂಕ, ಹಳೆಯ ಓದುಗರು

ಈ ಸೀಮೆಗೆ ಸುಂಕ ಹೊಸದಲ್ಲ. ಹುನಗುಂದ ತಾಲ್ಲೂಕಿನ ಐಹೊಳೆ ಅಯ್ಯಾವೊಳೆ ಐನೂರ್ವರು ಎಂಬ ಪ್ರಸಿದ್ಧ ವರ್ತಕ ಸಂಘದ ಮೂಲನೆಲೆ. ಎತ್ತು, ಕತ್ತೆಗಳ ಮೇಲೆ ಸರಕು ಹೇರಿಕೊಂಡು ಅವರು ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ಮಾಡಿದರು. ದಾರಿಯಲ್ಲಿ ಹೇರಿನ ಲೆಕ್ಕದಲ್ಲಿ ಸುಂಕ ಕೊಡಬೇಕಾಗಿತ್ತು. ಸುಂಕದ ಹೆಗ್ಗಡೆಗಳ ಹೆಸರು, ದೇವಸ್ಥಾನಗಳಿಗೆ ಬಿಟ್ಟುಕೊಟ್ಟ ಸುಂಕದ ವಿವರ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂಬ ಗಾದೆ ಇಂದಿಗೂ ನಮ್ಮ ಬಾಯಲ್ಲಿದೆ.

ಶಾಸನದ ಒಂದು ಗುಣವನ್ನು ಇಲ್ಲಿ ನೆನಪಿಡಿ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ ಶಾಸನವಿದೆ. ಅದರ ಕಾಲ ಶಕವರ್ಷ 500, ಅಂದರೆ ಕ್ರಿ.ಶ. 578. ಕಲ್ಲಿನ ಮೇಲಿನ ಆ ಅಕ್ಷರಗಳು ತಾವಾಗಿ ಏನನ್ನೂ ಹೇಳುವುದಿಲ್ಲ. ಓದುವವನು ಬಂದು ನಿಂತಾಗ ಮಾತ್ರ ಮಾತಾಡುತ್ತವೆ. ಫಾಸ್ಟ್ಯಾಗ್ ಕೂಡ ಹಾಗೆಯೇ. ಅದರೊಳಗೆ ಬ್ಯಾಟರಿ ಇಲ್ಲ. ಕೇಳುವವರು ಬರುವವರೆಗೆ ಅದು ಮೂಕ.

ಬ್ಯಾಟರಿ ಇಲ್ಲದೆ ಉತ್ತರ ಹೇಗೆ?

ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಸಂಜೆ ಕತ್ತಲಾದ ಮೇಲೆ ನೀವು ನಿಂತಿದ್ದೀರಿ ಎಂದುಕೊಳ್ಳಿ. ನಿಮ್ಮ ಕೈಯಲ್ಲಿ ಟಾರ್ಚ್ ಇದೆ. ಎದುರು ದಂಡೆಯಲ್ಲಿ ನಿಮ್ಮ ಗೆಳೆಯನಿದ್ದಾನೆ. ಅವನ ಬಳಿ ದೀಪವಿಲ್ಲ, ಒಂದು ಕನ್ನಡಿ ಮತ್ತು ಒಂದು ಟವೆಲ್ ಮಾತ್ರ ಇವೆ. ನೀವು ಅವನ ಮೇಲೆ ಬೆಳಕು ಬಿಡುತ್ತೀರಿ. ಅವನು ಕನ್ನಡಿಯನ್ನು ಟವೆಲಿನಿಂದ ಮುಚ್ಚಿ ತೆರೆದು ಮಾಡುತ್ತಾನೆ. ನಿಮ್ಮ ಬೆಳಕೇ ಮಿಣುಕಿ ಮಿಣುಕಿ ನಿಮಗೆ ಹಿಂದಿರುಗುತ್ತದೆ. ಆ ಮಿಣುಕಿನಲ್ಲಿ ಅವನು ತನ್ನ ಹಾಜರಿ ಸಂಖ್ಯೆಯನ್ನು ತಿಳಿಸಬಹುದು.

ಟ್ಯಾಗ್ ಮಾಡುವುದು ಇದನ್ನೇ. ಬೆಳಕಿನ ಬದಲು ಇಲ್ಲಿ ರೇಡಿಯೊ ತರಂಗ. ಭಾರತದಲ್ಲಿ ಈ ಕೆಲಸಕ್ಕೆ 865ರಿಂದ 867 ಮೆಗಾಹರ್ಟ್ಸ್ ಆವೃತ್ತಿಯ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಈ ತರಂಗದ ತರಂಗದೂರ ಸುಮಾರು 35 ಸೆಂಟಿಮೀಟರ್. ರೀಡರ್ ಕಳುಹಿಸಿದ ತರಂಗದ ಶಕ್ತಿಯಿಂದಲೇ ಟ್ಯಾಗಿನೊಳಗಿನ ಸಣ್ಣ ಚಿಪ್ ಎಚ್ಚರಗೊಳ್ಳುತ್ತದೆ. ಆಮೇಲೆ ಅದು ತನ್ನ ಆಂಟೆನಾದ ಪ್ರತಿಫಲನವನ್ನು ಹೆಚ್ಚು ಕಡಿಮೆ ಮಾಡುತ್ತ ಉತ್ತರ ಕೊಡುತ್ತದೆ.

ಕಷ್ಟವೆಲ್ಲ ರೀಡರಿನದು. ತರಂಗ ಹೋಗುವಾಗಲೂ ಕ್ಷೀಣಿಸುತ್ತದೆ, ಬರುವಾಗಲೂ ಕ್ಷೀಣಿಸುತ್ತದೆ. ಆದ್ದರಿಂದ ದೂರ ಎರಡರಷ್ಟಾದರೆ ಹಿಂದಿರುಗುವ ಉತ್ತರ ನಾಲ್ಕನೆಯ ಒಂದು ಭಾಗವಲ್ಲ, ಹದಿನಾರನೆಯ ಒಂದು ಭಾಗವಾಗುತ್ತದೆ. ಕೆಲವೇ ಮೀಟರ್ ದೂರದ ಟ್ಯಾಗಿನಿಂದ ಬರುವ ಉತ್ತರ ಕಳುಹಿಸಿದ ಶಕ್ತಿಯ ಹತ್ತು ಕೋಟಿಯಲ್ಲೊಂದು ಪಾಲಿನಷ್ಟಿರಬಹುದು. ಟ್ಯಾಗಿಗೆ ಶಕ್ತಿ ಉಣಿಸಬೇಕಾದ್ದರಿಂದ ಕೇಳುವಾಗಲೂ ರೀಡರ್ ತನ್ನ ತರಂಗವನ್ನು ನಿಲ್ಲಿಸುವಂತಿಲ್ಲ. ಡೊಳ್ಳು ಬಾರಿಸುತ್ತಲೇ ಅದೇ ಕೋಣೆಯಲ್ಲಿ ಒಬ್ಬರ ಪಿಸುಮಾತನ್ನು ಆಲಿಸಬೇಕಾದ ಸ್ಥಿತಿ ಅದರದು.

ಯುದ್ಧ, ಗೂಢಚರ್ಯೆ, ದನಗಳು

ಈ ವಿದ್ಯೆಯ ಬೇರು ಎರಡನೆಯ ಮಹಾಯುದ್ಧದಲ್ಲಿದೆ. ರೇಡಾರ್ ಪರದೆಯ ಮೇಲೆ ಕಾಣುವ ವಿಮಾನ ನಮ್ಮದೋ ಶತ್ರುವಿನದೋ ಎಂದು ತಿಳಿಯುವುದು ಪ್ರಾಣದ ಪ್ರಶ್ನೆಯಾಗಿತ್ತು. ರೇಡಾರ್ ತರಂಗ ತಾಗಿದೊಡನೆ ಗುರುತಿನ ಉತ್ತರ ಕೊಡುವ ಪೆಟ್ಟಿಗೆಯನ್ನು ಬ್ರಿಟಿಷರು ತಮ್ಮ ವಿಮಾನಗಳಲ್ಲಿ ಇಟ್ಟರು.

1945ರ ಆಗಸ್ಟ್‌ನಲ್ಲಿ ಮಾಸ್ಕೊದಲ್ಲಿ ಸೋವಿಯತ್ ಮಕ್ಕಳು ಅಮೆರಿಕದ ರಾಯಭಾರಿ ಆವೆರಲ್ ಹ್ಯಾರಿಮನ್ ಅವರಿಗೆ ಮರದಲ್ಲಿ ಕೆತ್ತಿದ ರಾಷ್ಟ್ರಲಾಂಛನವೊಂದನ್ನು ಕಾಣಿಕೆ ಕೊಟ್ಟರು. ಅದರೊಳಗೆ ಲಿಯಾನ್ ಥೆರೆಮಿನ್ ರೂಪಿಸಿದ ಕದ್ದಾಲಿಕೆಯ ಸಾಧನವಿತ್ತು. ಅದರಲ್ಲಿ ಬ್ಯಾಟರಿಯೂ ಇರಲಿಲ್ಲ, ವಿದ್ಯುತ್ ತಂತಿಯೂ ಇರಲಿಲ್ಲ. ಹೊರಗಿನಿಂದ ರೇಡಿಯೊ ತರಂಗ ಬಿಟ್ಟಾಗ ಮಾತ್ರ ಕೋಣೆಯ ಮಾತು ಪ್ರತಿಫಲಿತ ತರಂಗದಲ್ಲಿ ಹೊರಬರುತ್ತಿತ್ತು. ಅದು ಪತ್ತೆಯಾದದ್ದು 1952ರಲ್ಲಿ. ಇದರ ನಡುವೆ, 1948ರಲ್ಲಿ, ಪ್ರತಿಫಲಿಸಿದ ಶಕ್ತಿಯಿಂದಲೇ ಸಂದೇಶ ಕಳುಹಿಸಬಹುದೆಂದು ಹ್ಯಾರಿ ಸ್ಟಾಕ್‌ಮನ್ ಒಂದು ಪ್ರಬಂಧ ಪ್ರಕಟಿಸಿದ್ದರು. ಅದನ್ನು ಕಾರ್ಯರೂಪಕ್ಕೆ ತರಬಲ್ಲ ಅಗ್ಗದ ಟ್ರಾನ್ಸಿಸ್ಟರು, ಚಿಪ್ಪುಗಳು ಆಗ ಇರಲಿಲ್ಲ.

ಅವು ಬಂದ ಮೇಲೆ ಕೆಲಸ ವೇಗವಾಯಿತು. ನೆನಪಿನ ಶಕ್ತಿಯುಳ್ಳ ಟ್ಯಾಗಿಗೆ ಮಾರಿಯೊ ಕಾರ್ಡುಲೊ 1973ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅವರ ಮನಸ್ಸಿನಲ್ಲಿದ್ದ ಉಪಯೋಗಗಳಲ್ಲಿ ರಸ್ತೆ ಸುಂಕವೂ ಒಂದು. 1975ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಕೋಯ್ಲ್, ಡೆಪ್, ಫ್ರೇಮನ್ ಎಂಬವರು ಪ್ರತಿಫಲನದಿಂದ ಗುರುತು ಹಿಡಿಯುವ ಕ್ರಮವನ್ನು ಪ್ರಕಟಿಸಿದರು. ಅಲ್ಲಿ ಅದನ್ನು ದನಕರುಗಳ ಗುರುತಿಗೆ ಬಳಸುವ ಪ್ರಯತ್ನ ನಡೆಯಿತು. 1987ರಲ್ಲಿ ನಾರ್ವೆಯಲ್ಲಿ, 1991ರಲ್ಲಿ ಅಮೆರಿಕದ ಒಕ್ಲಹಾಮದಲ್ಲಿ ವಿದ್ಯುನ್ಮಾನ ಸುಂಕ ವಸೂಲಿ ರಸ್ತೆಗೆ ಬಂತು.

ಪೆಟ್ಟಿಗೆಯಿಂದ ಚಿಪ್‌ಗೆ

ಟ್ಯಾಗ್ ಬೇಗ ಅಗ್ಗವಾಯಿತು, ರೀಡರ್ ಆಗಲಿಲ್ಲ. ಆವೃತ್ತಿಯನ್ನು ಹುಟ್ಟಿಸುವ ಭಾಗ, ಅದಕ್ಕೆ ಪ್ರಶ್ನೆಯನ್ನು ಬೆರೆಸುವ ಭಾಗ, ಉತ್ತರವನ್ನು ಸೋಸುವ ಭಾಗ, ಅದನ್ನು ಅಂಕಿಗಳಾಗಿ ಬದಲಿಸುವ ಭಾಗ, ಇವೆಲ್ಲವನ್ನೂ ಬೋರ್ಡಿನ ಮೇಲೆ ಬಿಡಿಬಿಡಿಯಾಗಿ ಜೋಡಿಸಬೇಕಾಗಿತ್ತು. ಇವನ್ನೆಲ್ಲ ಒಂದೇ ಸಿಲಿಕಾನ್ ತುಂಡಿನ ಮೇಲೆ ಕೂಡಿಸಿದರೆ ಡೊಳ್ಳು ಮತ್ತು ಪಿಸುಮಾತು ಇನ್ನೂ ಹತ್ತಿರವಾಗುತ್ತವೆ.

ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉಪಾಯವನ್ನು ನಿಮ್ಮ ತ್ರಿಕೋನಮಿತಿಯಿಂದಲೇ ತಿಳಿಯಬಹುದು. ರೀಡರಿನ ಸ್ವಂತ ತರಂಗ ಸೋರಿ ಬಂದರೂ ಅದರ ಆವೃತ್ತಿ ಬದಲಾಗುವುದಿಲ್ಲ. ಬಂದ ತರಂಗವನ್ನು ಕಳುಹಿಸಿದ ತರಂಗದ ಒಂದು ಪ್ರತಿಯೊಡನೆ ಗುಣಿಸಿದಾಗ ಸೋರಿಕೆಯು ಏರಿಳಿತವಿಲ್ಲದ ಸ್ಥಿರ ವೋಲ್ಟೇಜ್ ಆಗಿಬಿಡುತ್ತದೆ. ಸ್ಥಿರವಾದದ್ದನ್ನು ಸೋಸಿ ತೆಗೆಯುವುದು ಸುಲಭ. ಉಳಿಯುವುದು ಬದಲಾಗುತ್ತಿರುವ ಭಾಗ, ಅಂದರೆ ಟ್ಯಾಗಿನ ಮಿಣುಕು. ಟ್ಯಾಗ್ ಕೆಲವು ದೂರಗಳಲ್ಲಿದ್ದಾಗ ಈ ಗುಣಾಕಾರದಲ್ಲಿ ಉತ್ತರ ಕಾಣೆಯಾಗುವುದುಂಟು. ಆಗ ಕಾಲು ಸುತ್ತು ಮುಂದಿರುವ ಎರಡನೆಯ ಪ್ರತಿಯಲ್ಲಿ ಅದು ಸಿಗುತ್ತದೆ. ಆದ್ದರಿಂದ ಚಿಪ್‌ನಲ್ಲಿ ಎರಡು ದಾರಿಗಳನ್ನು ಇಡುತ್ತಾರೆ.

ಇನ್ನೊಂದು ತೊಡಕು ನಿಮ್ಮ ತರಗತಿಯಲ್ಲೇ ಇದೆ. ಹಾಜರಿ ಕರೆಯುವಾಗ ಎಲ್ಲರೂ ಒಮ್ಮೆಗೇ "ಹಾಜರ್ ಸರ್" ಎಂದರೆ ಮೇಷ್ಟ್ರಿಗೆ ಒಂದೂ ಕೇಳಿಸದು. ರೀಡರ್ ತನ್ನ ಮುಂದಿನ ಟ್ಯಾಗುಗಳಿಗೆ ಮನಸ್ಸಿಗೆ ಬಂದ ಒಂದೊಂದು ಸಂಖ್ಯೆ ಹಿಡಿಯಲು ಹೇಳಿ, ಸರದಿಯ ಮೇಲೆ ಕೂಗುತ್ತದೆ. ಇಬ್ಬರು ಒಂದೇ ಸಂಖ್ಯೆ ಹಿಡಿದಿದ್ದರೆ ಅವರನ್ನು ಮತ್ತೊಮ್ಮೆ ಕೇಳುತ್ತದೆ. ಹವಾಯಿ ವಿಶ್ವವಿದ್ಯಾಲಯದ ಅಲೋಹ ರೇಡಿಯೊ ಜಾಲದಲ್ಲಿ 1970ರ ದಶಕದಲ್ಲಿ ಬೆಳೆದ ಕ್ರಮದಿಂದ ಬಂದದ್ದು ಇದು. 2004ರ ಕೊನೆಯಲ್ಲಿ ಸಿದ್ಧವಾದ ಎರಡನೆಯ ತಲೆಮಾರಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದು ಸೇರಿತು.

ಮಾನದಂಡ ಒಂದಾದ ಮೇಲೆ ಚಿಪ್ ಮಾಡುವುದಕ್ಕೆ ಅರ್ಥ ಬಂತು. 2007ರಲ್ಲಿ ಇಂಟೆಲ್ ಕಂಪನಿ ಆರ್1000 ಎಂಬ ರೀಡರ್ ಚಿಪ್ ಪ್ರಕಟಿಸಿತು. ಅದುವರೆಗೆ ಬಿಡಿಯಾಗಿದ್ದ ರೇಡಿಯೊ ಭಾಗಗಳಲ್ಲಿ ಬಹುಪಾಲು 8 ಮಿಲಿಮೀಟರ್ ಚೌಕದ ಒಂದೇ ಚಿಪ್‌ನಲ್ಲಿ ಅಡಕವಾದವು. 2008ರಲ್ಲಿ ಆ ವಿಭಾಗವನ್ನು ಇಂಪಿಂಜ್ ಕಂಪನಿ ಕೊಂಡು ಮುಂದುವರಿಸಿತು. ಅಂಗೈಯಲ್ಲಿ ಹಿಡಿಯುವ ರೀಡರುಗಳು ಸಾಮಾನ್ಯವಾದವು.

ಕೆಲವೇ ಸೆಂಟಿಮೀಟರ್ ಸಮೀಪದಿಂದ ಓದುವ 13.56 ಮೆಗಾಹರ್ಟ್ಸ್ ಕಾರ್ಡುಗಳಲ್ಲಿ ಈ ಬದಲಾವಣೆ ಇನ್ನೂ ಮೊದಲೇ ಆಗಿತ್ತು. 1994ರಲ್ಲಿ ಆಸ್ಟ್ರಿಯಾದ ಮಿಕ್ರಾನ್ ಸಂಸ್ಥೆ ತಂದ ಮೈಫೇರ್ ಕಾರ್ಡು ಹಲವು ದೇಶಗಳ ಬಸ್ಸು ರೈಲುಗಳಿಗೆ ಹರಡಿತು. ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಕೊಳ್ಳುವ ಪುಟ್ಟ ನೀಲಿ ಬೋರ್ಡಿನ ಮೇಲೆ ಕೂತಿರುವ ಆರ್‌ಸಿ522 ಚಿಪ್ ಈ ವಂಶದ್ದೇ. ಕೆಲವು ನೂರು ರೂಪಾಯಿಗಳೊಳಗೆ ಯಾರು ಬೇಕಾದರೂ ಒಬ್ಬ "ಓದುಗ"ನನ್ನು ಕೊಂಡು ತರಬಹುದಾದ ಕಾಲ ಬಂದಿದೆ.

ನಮ್ಮ ಹೆದ್ದಾರಿಗೆ ಬಂದದ್ದು

ಭಾರತದ ಹೆದ್ದಾರಿಗಳಿಗೆ ಯಾವ ಪದ್ಧತಿ ಸೂಕ್ತ ಎಂದು ಹೇಳಲು 2010ರಲ್ಲಿ ಕನ್ನಡಿಗರೇ ಆದ ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಬ್ಯಾಟರಿ ಇಲ್ಲದ, ಅಗ್ಗದ ಟ್ಯಾಗನ್ನೇ ಸಮಿತಿ ಶಿಫಾರಸು ಮಾಡಿತು. 2014ರಲ್ಲಿ ಅಹಮದಾಬಾದ್–ಮುಂಬೈ ನಡುವೆ ಫಾಸ್ಟ್ಯಾಗ್ ಆರಂಭವಾಯಿತು. 2017ರ ಡಿಸೆಂಬರ್‌ನಿಂದ ಹೊಸ ನಾಲ್ಕು ಚಕ್ರದ ವಾಹನಗಳಿಗೆ ಅದು ಕಡ್ಡಾಯವಾಯಿತು. 2021ರ ಫೆಬ್ರುವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್ ಗೇಟುಗಳ ಎಲ್ಲ ಪಥಗಳೂ ಫಾಸ್ಟ್ಯಾಗ್ ಪಥಗಳಾದವು. ಹುನಗುಂದ, ಇಳಕಲ್ಲಿನ ಲಾರಿ ಚಾಲಕನ ಗಾಜಿನ ಮೇಲೂ ಆ ಚೀಟಿ ಏರಿತು.

ಟ್ಯಾಗಿನಲ್ಲಿ ಹಣವಿಲ್ಲ ಎಂಬುದನ್ನು ಗಮನಿಸಿ. ಅಲ್ಲಿರುವುದು ಗುರುತಿನ ಸಂಖ್ಯೆ. ರೀಡರ್ ಅದನ್ನು ಓದಿ ಜಾಲಕ್ಕೆ ಕಳುಹಿಸುತ್ತದೆ, ಹಣ ಕಳೆಯುವುದು ಬ್ಯಾಂಕಿನ ಖಾತೆಯಲ್ಲಿ. 2022ರ ಜೂನ್‌ನಲ್ಲಿ, ಹುಡುಗನೊಬ್ಬ ಕೈಗಡಿಯಾರದಿಂದ ಫಾಸ್ಟ್ಯಾಗಿನ ಹಣ ಕದ್ದನೆಂಬ ದೃಶ್ಯ ದೇಶದಾದ್ಯಂತ ಹರಿದಾಡಿತು. ಅದು ಸುಳ್ಳೆಂದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಸ್ಪಷ್ಟಪಡಿಸಿತು. ನೋಂದಾಯಿತ ಟೋಲ್ ಗೇಟಿನಿಂದ ಬಂದ ಕೋರಿಕೆಗೆ ಮಾತ್ರ ಹಣ ಸಲ್ಲುತ್ತದೆ.

ಹಾಗೆಂದು ಎಲ್ಲ ಕಾರ್ಡುಗಳೂ ಭದ್ರವೆಂದಲ್ಲ. ಹಳೆಯ ಮೈಫೇರ್ ಕಾರ್ಡಿನ ಗುಪ್ತಲಿಪಿ ದುರ್ಬಲವೆಂದು 2008ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ರೀಡರ್ ಅಗ್ಗವಾದಂತೆ ಪರೀಕ್ಷಿಸುವವರೂ ಹೆಚ್ಚುತ್ತಾರೆ, ಕದಿಯಲು ಯತ್ನಿಸುವವರೂ ಹೆಚ್ಚುತ್ತಾರೆ.

ಓದುವವರು ಯಾರು?

ಈಗ ಶಾಸನದ ಕಡೆಗೆ ಮರಳೋಣ. ಹಳೆಯ ಸುಂಕದ ದತ್ತಿಯನ್ನು ಕಲ್ಲಿನಲ್ಲಿ ಬರೆದು ಗುಡಿಯ ಮುಂದೆ ನಿಲ್ಲಿಸುತ್ತಿದ್ದರು. ಎಷ್ಟು ಹೇರಿಗೆ ಎಷ್ಟು ಸುಂಕ, ಅದು ಯಾರಿಗೆ ಸಲ್ಲತಕ್ಕದ್ದು ಎಂಬುದನ್ನು ಅಕ್ಷರ ಬಲ್ಲ ಯಾರೇ ಓದಬಹುದಾಗಿತ್ತು. ಹೇರು ಹೊತ್ತ ವರ್ತಕ ಯಾವ ದಿನ ಎಲ್ಲಿ ದಾಟಿದ ಎಂಬುದು ಕಲ್ಲಿನ ಮೇಲೆ ಬರುತ್ತಿರಲಿಲ್ಲ. ಇಂದು ಲಾರಿ ಯಾವ ದಿನ, ಯಾವ ಗಂಟೆಗೆ ಗೇಟು ದಾಟಿತು ಎಂಬುದು ಪ್ರತಿ ಬಾರಿಯೂ ಗಣಕದಲ್ಲಿ ದಾಖಲಾಗುತ್ತದೆ. ಆ ದಾಖಲೆ ದಾರಿಹೋಕನ ಕಣ್ಣಿಗೆ ಕಾಣುವುದಿಲ್ಲ.

ಈ ದಾಖಲೆಯಿಂದ ಒಳಿತಿದೆ. ಕಳುವಾದ ವಾಹನ ಎತ್ತ ಹೋಯಿತೆಂದು ತಿಳಿಯಬಹುದು, ಲೆಕ್ಕ ಸರಿಯಿರುತ್ತದೆ, ಸಾಲುಗಟ್ಟಿ ನಿಂತು ಡೀಸೆಲ್ ಸುಡುವುದು ತಪ್ಪುತ್ತದೆ. ಆದರೆ ಒಬ್ಬ ಮನುಷ್ಯ ಎಲ್ಲಿಗೆ ಹೋದ, ಎಷ್ಟು ಸಲ ಹೋದ ಎಂಬುದು ಅವನ ಸ್ವಂತ ವಿಷಯವೂ ಹೌದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಸತ್ತು ಕಾನೂನು ಮಾಡಿತು. ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆದರೋ ಅದಕ್ಕೇ ಬಳಸಬೇಕು ಎಂಬುದು ಈ ಚಿಂತನೆಯ ತಿರುಳು.

ರೀಡರ್ ದುಬಾರಿಯಾಗಿದ್ದಾಗ ಅದನ್ನು ಎಲ್ಲಿ ಇಡಬೇಕೆಂದು ಯೋಚಿಸಿ ಇಡುತ್ತಿದ್ದರು. ಈಗ ಅದು ಕಾಲೇಜಿನ ಬಾಗಿಲಿಗೆ, ಗ್ರಂಥಾಲಯದ ಮೇಜಿಗೆ, ಅಂಗಡಿಯ ಗಲ್ಲಕ್ಕೆ ಬಂದಿದೆ. ನಿಮ್ಮ ಗುರುತಿನ ಚೀಟಿ ತಾನಾಗಿ ಮಾತಾಡದು, ಕೇಳಿದವರಿಗೆ ಉತ್ತರ ಕೊಡುತ್ತದೆ. ಆದ್ದರಿಂದ ಕೇಳುವವರು ಯಾರು, ಏಕೆ ಕೇಳುತ್ತಾರೆ, ಕೇಳಿದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ವಿಚಾರಿಸುವುದು ನಿಮ್ಮ ಹಕ್ಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲದಿರಬಹುದು. ಲೆಕ್ಕ ಕೇಳುವುದಕ್ಕೆ ಮಾತ್ರ ಯಾವ ಗಾದೆಯೂ ಅಡ್ಡ ಬಂದಿಲ್ಲ.

ಬಾಗಲಕೋಟೆಯಲ್ಲಿ 1963ರಿಂದ ಎಂಜಿನಿಯರಿಂಗ್ ಕಾಲೇಜು ಇದೆ. ನಾಳೆ ಇಂಥ ಚಿಪ್ಪುಗಳನ್ನು ರೂಪಿಸುವವರು ನಿಮ್ಮಲ್ಲೇ ಇದ್ದಾರು. ಆಗ ಪಿಸುಮಾತನ್ನು ಹೇಗೆ ಆಲಿಸಬೇಕೆಂಬುದರ ಜೊತೆಗೆ, ಯಾವುದನ್ನು ಆಲಿಸಬಾರದೆಂಬುದೂ ನಿಮಗೆ ತಿಳಿದಿರಲಿ.

ಯೋಚಿಸಿ, ಮಾಡಿ ನೋಡಿ

1. ಟಾರ್ಚ್, ಕನ್ನಡಿ ಮತ್ತು ಬಟ್ಟೆಯಿಂದ ಕತ್ತಲಲ್ಲಿ ನಿಮ್ಮ ಹಾಜರಿ ಸಂಖ್ಯೆಯನ್ನು ಗೆಳೆಯನಿಗೆ ತಿಳಿಸಿ. ದೂರ ಹೆಚ್ಚಿದಂತೆ ಏನಾಗುತ್ತದೆ?

2. ದೂರ ಮೂರು ಪಟ್ಟಾದರೆ ಟ್ಯಾಗಿನಿಂದ ಹಿಂದಿರುಗುವ ಶಕ್ತಿ ಎಷ್ಟನೆಯ ಒಂದು ಭಾಗವಾಗುತ್ತದೆ?

3. ನಿಮ್ಮ ಊರಿನ ಶಾಸನದಲ್ಲಿ ಸುಂಕದ ಮಾತು ಬಂದಿದೆಯೇ? ಹಿರಿಯರನ್ನು, ಅಧ್ಯಾಪಕರನ್ನು ಕೇಳಿ ಬರೆದುಕೊಳ್ಳಿ.